ಹೊಸ ಹೆಸರಿಗೆ ಹೊಸ ನಂಬರ್ ಬೇಕಿಲ್ಲ

ನನ್ನ ಕಸುಬು ಏನೆಂದು ಇಲ್ಲಿರುವ ಬಹುತೇಕರಿಗೆ ಗೊತ್ತು. ದಾವಣಗೆರೆಯ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಂಡೇ ನನ್ನ ದಿನ ಕಳೆಯುತ್ತದೆ. ಇವತ್ತು ಮಧ್ಯಾಹ್ನ ಕಂಡದ್ದನ್ನು ಬರೆಯದೆ ಮಲಗಲು ಮನಸ್ಸಾಗುತ್ತಿಲ್ಲ.

ಹಿಟ್ಟಿನ ಗಿರಣಿ ನಡೆಸುವ ಪರಿಚಯದವರೊಬ್ಬರು ಹೆಂಡತಿಯೊಡನೆ ಬಂದಿದ್ದರು. ಗಿರಣಿಯ ಹೆಸರಿನಲ್ಲಿ ಖಾರದ ಪುಡಿ ಮಾರುತ್ತಿದ್ದವರು ಕಳೆದ ವರ್ಷ ಶೇಂಗಾ ಚಟ್ನಿ ಪುಡಿಯನ್ನೂ ಆರಂಭಿಸಿ, ಅದಕ್ಕೊಂದು ಚೆಂದದ ಹೊಸ ಹೆಸರಿಟ್ಟಿದ್ದರು. ಆ ಹೆಸರನ್ನು ನೋಂದಾಯಿಸಲು ಹೋದಾಗ ಒಬ್ಬ ಸಲಹೆಗಾರರು, ಹೊಸ ಹೆಸರೆಂದರೆ ಹೊಸ ಜಿಎಸ್‌ಟಿ ನಂಬರ್ ಬೇಕೇ ಬೇಕು ಎಂದು ಹೇಳಿ, ಹೆಂಡತಿಯ ಪ್ಯಾನ್ ಮೇಲೆ ಬೇರೆ ನೋಂದಣಿ ಮಾಡಿಸಿಕೊಟ್ಟರು. ವ್ಯಾಪಾರವೆಲ್ಲ ಹಳೆಯ ನಂಬರಿನಲ್ಲೇ ನಡೆಯಿತು. ಹೊಸ ನಂಬರಿಗೆ ಸತತ ಏಳು ತಿಂಗಳು ಯಾರೂ ರಿಟರ್ನ್ ಸಲ್ಲಿಸಲಿಲ್ಲ. ಈಗ ನೋಂದಣಿಯನ್ನು ಏಕೆ ರದ್ದುಮಾಡಬಾರದು ಎಂಬ ನೋಟಿಸ್ ಆ ತಾಯಿಯ ಹೆಸರಿಗೆ ಬಂದಿದೆ. "ಅಕ್ಕಾ, ನಾನೇನು ತಪ್ಪು ಮಾಡಿದೆ? ಪೊಲೀಸರು ಬರ್ತಾರಾ?" ಎಂದು ಕೇಳುವಾಗ ಅವರ ಕೈ ನಡುಗುತ್ತಿತ್ತು.

ಹೊಸ ನಂಬರಿನ ಅಗತ್ಯವೇ ಇರಲಿಲ್ಲ ಎಂಬುದೇ ನನ್ನ ಸಂಕಟ. ಗಂಡನ ಈಗಿನ ನೋಂದಣಿಯಲ್ಲೇ ಹೆಚ್ಚುವರಿ ವ್ಯಾಪಾರ ನಾಮವನ್ನು ಸೇರಿಸಲು ಅವಕಾಶವಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಕೋರ್ ಫೀಲ್ಡ್ (ಅಂದರೆ ನೋಂದಣಿಯ ಮುಖ್ಯ ವಿವರಗಳ) ತಿದ್ದುಪಡಿಯ ಅರ್ಜಿ ತೆರೆದು, ವ್ಯವಹಾರದ ವಿವರದ ಭಾಗದಲ್ಲಿ ಹೊಸ ಹೆಸರನ್ನು ಬರೆದು, ಕಾರಣ ಮತ್ತು ದಿನಾಂಕ ಕೊಟ್ಟು ಸಲ್ಲಿಸಿದರೆ ಸಾಕು. ಬದಲಾವಣೆಯಾದ 15 ದಿನಗಳೊಳಗೆ ತಿಳಿಸಬೇಕು, ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಅಧಿಕಾರಿ ಒಪ್ಪಿದ ಮೇಲೆ ಪ್ರಮಾಣಪತ್ರದಲ್ಲಿ ಹಳೆಯ ಹೆಸರಿನೊಡನೆ ಹೊಸದೂ ಕಾಣಿಸುತ್ತದೆ. ಕರ್ನಾಟಕದ ಸಂಕೇತವಾದ 29ರಿಂದ ಆರಂಭವಾಗುವ ಅದೇ 15 ಅಂಕಿ-ಅಕ್ಷರಗಳ ನಂಬರ್ ಉಳಿಯುತ್ತದೆ. ಹೊಸ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದಾಗಲೂ ಆ ಪ್ರಮಾಣಪತ್ರ ನೆರವಿಗೆ ಬರುತ್ತದೆ.

ಎರಡು ವ್ಯಾಪಾರಗಳ ಲೆಕ್ಕ ಬೇರೆಬೇರೆಯಾಗಿರಲಿ ಎಂದು ಎರಡು ನಂಬರ್ ಮಾಡಿಸುತ್ತೇವೆ ಎನ್ನುವವರು ಇದ್ದಾರೆ. ಹೆಂಡತಿ ನಿಜವಾಗಿಯೂ ತನ್ನ ಬಂಡವಾಳ ಹಾಕಿ, ತನ್ನದೇ ವ್ಯಾಪಾರ ನಡೆಸುವುದಾದರೆ ಅದು ಸರಿಯೇ, ಅಂಥವರ ನೋಂದಣಿಯನ್ನು ನಾನೇ ಸಂತೋಷದಿಂದ ಮಾಡಿಕೊಟ್ಟಿದ್ದೇನೆ. ಕೇವಲ ಲೆಕ್ಕ ಬೇರೆಯಾಗಬೇಕೆಂದರೆ ಒಂದೇ ನಂಬರಿನಡಿ ಎರಡು ಬಿಲ್ ಸರಣಿ ಇಟ್ಟುಕೊಳ್ಳಲು ನಿಯಮವೇ ಒಪ್ಪುತ್ತದೆ: ಗಿರಣಿಗೆ ಒಂದು, ಚಟ್ನಿ ಪುಡಿಗೆ ಇನ್ನೊಂದು. ಎರಡು ನಂಬರಾದರೆ ಗಂಡ-ಹೆಂಡತಿ ತೆರಿಗೆಯ ಕಣ್ಣಿನಲ್ಲಿ ಇಬ್ಬರು ವ್ಯಾಪಾರಿಗಳು. ಗಿರಣಿಯ ಖಾರದ ಪುಡಿಯನ್ನು ಅದೇ ಮನೆಯ ಚಟ್ನಿ ಪುಡಿಗೆ ಹಣ ಪಡೆಯದೆ ಕೊಟ್ಟರೂ ಅದಕ್ಕೆ ಬಿಲ್ ಮಾಡಿ ತೆರಿಗೆ ಕಟ್ಟಬೇಕು, ಏಕೆಂದರೆ ಒಂದೇ ಕುಟುಂಬದವರಾದ ಅವರು ಕಾನೂನಿನ ಪ್ರಕಾರ 'ಸಂಬಂಧಿತ ವ್ಯಕ್ತಿಗಳು'. ಮಾರಾಟವೇ ಇಲ್ಲದ ತಿಂಗಳಿಗೂ ರಿಟರ್ನ್ ಬೇಕು, ತಡವಾದರೆ ನಿಗದಿತ ಮಿತಿಯವರೆಗೆ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ ಏರುತ್ತಾ ಹೋಗುತ್ತದೆ. ಇದನ್ನೆಲ್ಲ ಆ ತಾಯಿಗೆ ಸಹಿ ಹಾಕಿಸಿಕೊಳ್ಳುವ ಮೊದಲು ಯಾರೂ ಹೇಳಿರಲಿಲ್ಲ.

ಇಂಥ ಸಲಹೆ ಏಕೆ ಹುಟ್ಟುತ್ತದೆಂದು ನನಗೆ ಗೊತ್ತು. ಎರಡು ನಂಬರ್ ಎಂದರೆ ಸಲಹೆಗಾರರಿಗೆ ತಿಂಗಳಿಗೆ ಎರಡು ಶುಲ್ಕ. ಕಸುಬಿನ ಆರಂಭದಲ್ಲಿ ನಾನೂ ಒಬ್ಬರಿಗೆ ಅನವಶ್ಯಕವಾಗಿ ಎರಡನೆಯ ನೋಂದಣಿ ಮಾಡಿಸಿದ್ದೆ. ಅವರ ಕುಟುಂಬಕ್ಕೆ ಅದರಿಂದಾದ ತೊಂದರೆ ಇವತ್ತಿಗೂ ನನ್ನನ್ನು ಕಾಡುತ್ತದೆ. ಅಂದಿನಿಂದ, ಯಾರೇ ಹೊಸ ಹೆಸರು ಹಿಡಿದು ಬಂದರೂ, ಹಳೆಯ ನೋಂದಣಿಯಲ್ಲಿ ಸೇರಿಸಲು ಸಾಧ್ಯವೇ ಎಂದು ಮೊದಲು ನೋಡುತ್ತೇನೆ.

ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಜಿಎಸ್‌ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಆ ಹೆಸರಿನ ಹಕ್ಕು ನಿಮ್ಮದಾಗುವುದಿಲ್ಲ. ಅದಕ್ಕೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ಬೇರೆಯೇ ಅರ್ಜಿ ಬೇಕು, ಮತ್ತು ಮೊದಲೇ ಬೇರೊಬ್ಬರು ಆ ಹೆಸರನ್ನು ಹಿಡಿದಿದ್ದಾರೆಯೇ ಎಂದು ಹುಡುಕಿ ನೋಡಬೇಕು. ಚೀಲ, ಪೊಟ್ಟಣಗಳನ್ನು ಅಚ್ಚು ಹಾಕಿಸುವ ಮೊದಲೇ ಈ ಕೆಲಸ ಆಗಬೇಕು.

ನಾಳೆ ಬೆಳಿಗ್ಗೆ ಇಬ್ಬರೂ ಮತ್ತೆ ಬರುತ್ತಾರೆ. ಬಾಕಿ ರಿಟರ್ನ್‌ಗಳನ್ನೆಲ್ಲ ಸಲ್ಲಿಸಿ, ನೋಟಿಸಿಗೆ ಉತ್ತರ ಕೊಟ್ಟು, ಆಮೇಲೆ ಆ ತಾಯಿಯ ನಂಬರನ್ನು ನಾವಾಗಿಯೇ ರದ್ದುಮಾಡಿಸಲು ಅರ್ಜಿ ಹಾಕುತ್ತೇವೆ. ನೋಂದಣಿ ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಕೂಡ ಸಲ್ಲಿಸಬೇಕು. ಚಟ್ನಿ ಪುಡಿಯ ಹೆಸರನ್ನು ಗಂಡನ ನೋಂದಣಿಗೆ ಸೇರಿಸುವ ಅರ್ಜಿಯನ್ನು ಇವತ್ತೇ ಅರ್ಧ ತುಂಬಿಸಿಟ್ಟಿದ್ದೇನೆ.