ಜಲಪಾತ ಎಲ್ಲಿ?

ಕಾಡಿನ ಚಿತ್ರ ಅಂದ್ರೆ ಜನರಿಗೆ ಹಸಿರು ಬೇಕು. ಒಂದು ಜಲಪಾತ ಬೇಕು, ಪಕ್ಕದಲ್ಲಿ ಜಿಂಕೆ ಇದ್ದರೆ ಇನ್ನೂ ಖುಷಿ. ನಮ್ಮ ದೇವರಾಯನದುರ್ಗ ಆ ಜಾತಿಯದಲ್ಲ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ಸ್ಕೂಟರ್ ಓಡಿಸಿದರೆ ಸಿಗುವ ಈ ಕಾಡು ಮಾರ್ಚ್ ಹೊತ್ತಿಗೆ ಎಲೆ ಉದುರಿಸಿಕೊಂಡು ಹಾಯಾಗಿ ಕೂತಿರುತ್ತದೆ. ಬಂಡೆ, ಒಣಹುಲ್ಲು, ಲಂಟಾನ. ಮುತ್ತುಗದ ಮರ ಮಾತ್ರ ಬೋಳು ಕೊಂಬೆಯ ತುಂಬ ಕೆಂಪಗೆ ಹೂ ಬಿಟ್ಟು ನಿಂತಿರುತ್ತದೆ. ನನಗೆ ಬರೆಯೋಕೆ ಇದೇ ಇಷ್ಟ.

ಬರೆಯೋಕೆ ಬಿಡಬೇಕಲ್ಲ! ಇಲ್ಲಿ ನಾಮದ ಚಿಲುಮೆ ಅಂತ ಒಂದು ನೀರಿನ ಒರತೆ ಇದೆ. ಅಲ್ಲಿ ಶ್ರೀರಾಮ ನಾಮ ಕಲಸಿಕೊಳ್ಳಲು ನೀರು ಸಿಗದೆ, ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಅಂತ ಕಥೆ. ಅಲ್ಲೇ ನನ್ನ ನೀರಿನ ಬಾಟಲಿಯನ್ನು ಕೋತಿ ಎತ್ತಿಕೊಂಡು ಹೋಯಿತು. ನನ್ನ ಹತ್ತಿರ ಇದ್ದದ್ದು ಬ್ರಷ್ಷು. ಕೊನೆಗೆ ಫ್ಲಾಸ್ಕಿನಲ್ಲಿದ್ದ ಟೀಯಲ್ಲೇ ಹುಲ್ಲಿಗೆ ಬಣ್ಣ ಬಳಿದೆ. ಸುಳ್ಳಲ್ಲ, ಒಣಹುಲ್ಲಿಗೆ ಅಷ್ಟು ಸರಿಯಾದ ಬಣ್ಣ ಟ್ಯೂಬಿನಲ್ಲಿ ಸಿಗೋದಿಲ್ಲ.

ಆಮೇಲೆ ಇರುವೆ. ಜಲವರ್ಣ ಗಟ್ಟಿಯಾಗಿ ಒಣಗದಿರಲಿ ಅಂತ ಕೆಲವು ಕಂಪನಿಯವರು ಅದಕ್ಕೆ ಜೇನುತುಪ್ಪ ಸೇರಿಸುತ್ತಾರೆ. ಇದು ನಮಗಿಂತ ಮೊದಲು ಇರುವೆಗಳಿಗೆ ಗೊತ್ತು. ಡಬ್ಬಿ ಬಿಚ್ಚಿದ್ದೇ ತಡ, ಸಾಲು ಹಿಡಿದು ಬಂದವು. ಒಂದಂತೂ ಹಸಿ ಆಕಾಶದಲ್ಲಿ ಸಿಕ್ಕಿಕೊಂಡು, ಕಾಲು ಅಗಲಿಸಿ ಅಲ್ಲೇ ಒಣಗಿತು. ಮನೆಗೆ ಬಂದ ಮೇಲೆ ನಮ್ಮ ಯಜಮಾನರು ಕಣ್ಣು ಕಿರಿದು ಮಾಡಿ ನೋಡಿ, "ಹದ್ದು ಚೆನ್ನಾಗಿ ಬಂದಿದೆ ಕಣೇ" ಅಂದರು. ಇಡೀ ಚಿತ್ರದಲ್ಲಿ ಅವರು ಹೊಗಳಿದ್ದು ಅದೊಂದನ್ನೇ.

ಫ್ರೇಮ್ ಅಂಗಡಿಯವರು, "ಅಕ್ಕಾ, ಇಲ್ಲಿ ಜಾಗ ಖಾಲಿ ಇದೆ, ಬಿಳಿ ಪೇಂಟಲ್ಲಿ ಒಂದು ಫಾಲ್ಸ್ ಇಳಿಸಿಬಿಡಿ" ಅಂದರು. ಅವರು ತೋರಿಸಿದ ಖಾಲಿ ಜಾಗ ನಾನು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿ, ಗಂಟೆಗಟ್ಟಲೆ ಕೂತು ಬರೆದ ಬಂಡೆ.

ಅತ್ತೆಯವರದ್ದು ಇನ್ನೊಂದು ರಾಗ. "ಒಣಮರದ ಚಿತ್ರ ಹಾಲಲ್ಲಿ ಹಾಕಬಾರದಮ್ಮ, ವಾಸ್ತು ಒಪ್ಪಲ್ಲ." ಎರಡು ದಿನ ಅದು ಬೀರುವಿನ ಹಿಂದೆ ಇತ್ತು. ಮೂರನೇ ದಿನ ನಾನು ಸುಮ್ನೆ, "ಅತ್ತೆ, ಈ ಬೆಟ್ಟದ ತುದೀಲೇ ಯೋಗಾನರಸಿಂಹಸ್ವಾಮಿ ಗುಡಿ ಇರೋದು" ಅಂದೆ. ಅಷ್ಟೇ. ಫ್ರೇಮ್ ಬರುವವರೆಗೂ ಕಾಯಲಿಲ್ಲ, ಚಿತ್ರ ದೇವರ ಮನೆಗೆ ಹೋಯಿತು. ಶನಿವಾರ ಬೆಳಿಗ್ಗೆ ನೋಡ್ತೀನಿ, ಬೆಟ್ಟದ ನೆತ್ತಿಗೆ ಒದ್ದೆ ಕುಂಕುಮ. ಒರೆಸೋಣ ಅಂದ್ರೆ ಜಲವರ್ಣ, ಬಟ್ಟೆ ತಾಗಿದರೆ ಬೆಟ್ಟವೇ ಬರುತ್ತೆ. ಅತ್ತೆ ಹದ್ದಿಗೂ ಒಂದು ಬೊಟ್ಟು ಇಟ್ಟಿದ್ದಾರೆ, ಗರುಡ ಅಂತ.