ಕರೆಂಟ್ ಇಲ್ಲದೆ ತಿರುಗಿದ ಫ್ಯಾನು

ನಮ್ಮ ಮನೆಯಲ್ಲಿ ತಲೆ ಸುತ್ತುತ್ತಿದೆ ಎಂದು ಹೇಳುವುದಕ್ಕೂ ಧೈರ್ಯ ಬೇಕು. ಬಾಯಿ ಬಿಟ್ಟರೆ ಸಾಕು, ಎಲ್ಲರೂ ಡಾಕ್ಟರಾಗುತ್ತಾರೆ. ಅಮ್ಮನ ಪ್ರಕಾರ ಅದು ಪಿತ್ತ. ಅಪ್ಪನ ಪ್ರಕಾರ ಗ್ಯಾಸು. ಹೆಂಡತಿ ಕಣ್ಣಲ್ಲೇ ನನ್ನ ಮೊಬೈಲು ತೋರಿಸುತ್ತಾಳೆ. ಹೊಸ ಅಂಗಿ ಹಾಕಿಕೊಂಡು ಮದುವೆಗೆ ಹೋಗಿದ್ದಕ್ಕೆ ದೃಷ್ಟಿ ತಾಗಿದೆ ಎಂಬುದು ಸೋದರತ್ತೆಯ ತೀರ್ಪು.

ನನಗೆ ಬಂದದ್ದು ಬೇರೆಯೇ ಜಾತಿಯದು. ಬೆಳಿಗ್ಗೆ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದೆ, ಅಷ್ಟೇ. ಕರೆಂಟ್ ಹೋಗಿತ್ತು. ಆದರೂ ಫ್ಯಾನು ತಿರುಗುತ್ತಿತ್ತು! ಫ್ಯಾನಿನ ಹಿಂದೆ ಕ್ಯಾಲೆಂಡರು, ಬೀರು, ಗೋಡೆಯ ಮೇಲಿನ ಮಾವನವರ ಫೋಟೋ, ಎಲ್ಲವೂ ಪ್ರದಕ್ಷಿಣೆ ಹೊರಟಿದ್ದವು. ಮಂಚ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಅರ್ಧ ನಿಮಿಷದಲ್ಲಿ ಎಲ್ಲ ತಂತಮ್ಮ ಜಾಗಕ್ಕೆ ಬಂದು ನಿಂತವು. ಮಧ್ಯಾಹ್ನ ಅಟ್ಟದ ಮೇಲಿದ್ದ ಹಪ್ಪಳದ ಡಬ್ಬಕ್ಕೆ ಕತ್ತೆತ್ತಿ ಕೈ ಹಾಕಿದೆ. ಡಬ್ಬ ಕೆಳಗೆ ಬಂತು, ಜೊತೆಗೆ ನಾನೂ ಬಂದೆ. ಮನೆಯವರಿಗೆ ಹಪ್ಪಳ ಪುಡಿಯಾದದ್ದೇ ಜಾಸ್ತಿ ಬೇಜಾರು.

ಕಿವಿ-ಮೂಗು-ಗಂಟಲಿನ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಕಣ್ಣು ಕತ್ತಲೆ ಬರುತ್ತಾ, ಇಲ್ಲಾ ರೂಮೇ ಸುತ್ತುತ್ತಾ?" ರೂಮೇ ಸುತ್ತುತ್ತೆ ಮೇಡಂ ಅಂದೆ. ಹಾಗಾದ್ರೆ ವರ್ಟಿಗೋ ಅಂದರು. ತಟ್ಟನೆ ಎದ್ದಾಗ ಕಣ್ಣು ಕತ್ತಲಾಗುವುದು ವರ್ಟಿಗೋ ಅಲ್ಲವಂತೆ. ಎತ್ತರದಿಂದ ಕೆಳಗೆ ನೋಡಿದಾಗಿನ ಪುಕುಪುಕು ಕೂಡ ಅಲ್ಲವಂತೆ. ನಾವು ಸುಮ್ನೆ ಇದ್ದರೂ ಲೋಕ ತಿರುಗಬೇಕು.

ತಪ್ಪು ಪಿತ್ತದ್ದಲ್ಲ, ಕಿವಿಯದು. ಒಳಕಿವಿಯಲ್ಲಿ ಬಾಗಿದ ಮೂರು ನಾಳಗಳಿವೆ, ಅವುಗಳ ತುಂಬ ದ್ರವ. ಪಕ್ಕದ ಪುಟ್ಟ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳುಗಳು. ಅವು ಕಳಚಿಕೊಂಡು ನಾಳಕ್ಕೆ ನುಗ್ಗಿದರೆ ಮುಗಿಯಿತು. ತಲೆ ಹೊರಳಿಸಿದಾಗೆಲ್ಲ ದ್ರವವನ್ನು ಕಲಕುತ್ತವೆ. ತಲೆ ನಿಂತ ಮೇಲೂ ಕಿವಿ ಮಾತ್ರ ಮಿದುಳಿಗೆ 'ತಿರುಗ್ತಾ ಇದೀವಿ' ಅಂತ ಚಾಡಿ ಹೇಳುತ್ತಲೇ ಇರುತ್ತದೆ.

ಈ ಕಿವಿಯ ಗುಟ್ಟು ಬಿಡಿಸಿದವರಲ್ಲಿ ವಿಯೆನ್ನಾದ ರಾಬರ್ಟ್ ಬಾರಾನಿ ದೊಡ್ಡ ಹೆಸರು. ರೋಗಿಗಳ ಕಿವಿಗೆ ಬಿಸಿ ನೀರು, ತಣ್ಣೀರು ಬಿಟ್ಟು ತಲೆ ಸುತ್ತಿಸಿ ನೋಡಿದವರು. ಅವರಿಗೆ 1914ರ ನೊಬೆಲ್ ಬಂತು. ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ! ಕಿವಿಗೆ ಹೂ ಇಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನೀರು ಬಿಟ್ಟು ನೊಬೆಲ್ ಹೊಡೆದವರು ಅಪರೂಪ ಅಲ್ವಾ?

ಡಾಕ್ಟರಮ್ಮ ನನ್ನ ತಲೆಯನ್ನು ಬಲಕ್ಕೆ ತಿರುಗಿಸಿ, ಹಿಂದಕ್ಕೆ ಜೋತುಬೀಳುವ ಹಾಗೆ ಮಲಗಿಸಿದರು. ಲೋಕ ಗಿರ್ರನೆ ತಿರುಗಿತು. ನಾನು ಅವರ ಕೋಟಿನ ತೋಳು ಹಿಡಿದು ನೇತಾಡುತ್ತಿದ್ದರೆ, ಅವರು ನನ್ನ ಕಣ್ಣುಗುಡ್ಡೆಯ ಕುಣಿತ ನೋಡಿ "ಗುಡ್, ಗುಡ್" ಎನ್ನುತ್ತಿದ್ದರು. ಆಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿದರು. ಮಗ್ಗುಲು ಹೊರಳಿಸಿ ಮೂಗನ್ನು ನೆಲದ ಕಡೆ ಮಾಡಿಸಿದರು. ಕೊನೆಗೆ ಎಬ್ಬಿಸಿ ಕೂರಿಸಿದರು. ಇದಕ್ಕೆ ಎಪ್ಲಿ ವಿಧಾನ ಅಂತ ಹೆಸರು. ಹರಳನ್ನು ಉರುಳಿಸಿಕೊಂಡೇ ವಾಪಸ್ ಚೀಲಕ್ಕೆ ಕಳಿಸುವ ಉಪಾಯ. ಮಾತ್ರೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಮರುದಿನ ಬಲಕ್ಕೆ ಹೊರಳಿದೆ, ಮಾವನವರು ಗೋಡೆಯ ಮೇಲೇ ಇದ್ದರು.

ಸೋದರತ್ತೆಗೆ ಫೋನಿನಲ್ಲಿ ವಿವರಿಸಿದೆ. ಅವರಿಗೆ 'ಹರಳು' ಒಂದು ಮಾತ್ರ ಕೇಳಿಸಿತು. "ಕಲ್ಲಿಗೆ ಬಾಳೆದಿಂಡೇ ಮದ್ದು ಕಣೋ" ಎಂದವರೇ ಒಂದು ಚೀಲ ದಿಂಡು ಕಳಿಸಿದರು. ಪಲ್ಯ, ಪಚಡಿ, ಜ್ಯೂಸು, ವಾರವಿಡೀ ಅದೇ. ಈಗ ನೆಂಟರಲ್ಲಿ ಯಾರಿಗೆ ತಲೆ ಸುತ್ತಿದರೂ ಅತ್ತೆ ದಿಂಡು ಹೊತ್ತುಕೊಂಡು ಹೋಗುತ್ತಾರೆ. ಸಾಕ್ಷಿಗೆ ನನ್ನ ನಂಬರು ಕೊಡುತ್ತಾರೆ.