ಸತ್ಯಾಂಶ: ಘಟ್ಟದ ನೀರೆಲ್ಲ ಅರಬ್ಬಿ ಸಮುದ್ರಕ್ಕಾ?

"ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳೆಲ್ಲ ಅರಬ್ಬಿ ಸಮುದ್ರ ಸೇರಿ ಸುಮ್ನೆ ವ್ಯರ್ಥವಾಗುತ್ತವೆ" ಎಂಬ ಸಂದೇಶ ಮಳೆಗಾಲದಲ್ಲಿ ಓಡಾಡುತ್ತದೆ. ಇದು ಸರಿಯಲ್ಲ.

ಘಟ್ಟ ಕರಾವಳಿಯ ಕಡೆ ಕಡಿದಾಗಿದೆ. ಪೂರ್ವದ ಕಡೆ ನಿಧಾನವಾಗಿ ಇಳಿದು ಬಯಲುಸೀಮೆ ಸೇರುತ್ತದೆ. ಹಾಗಾಗಿ ಕಾವೇರಿ, ಹೇಮಾವತಿ, ತುಂಗಾ, ಭದ್ರಾ ಘಟ್ಟದಲ್ಲೇ ಹುಟ್ಟಿದರೂ ಹರಿದುಹೋಗುವುದು ಬಂಗಾಳ ಕೊಲ್ಲಿಯ ಕಡೆಗೆ. ತಲಕಾವೇರಿಗೆ ಹತ್ತಿರ ಇರುವುದು ಅರಬ್ಬಿ ಸಮುದ್ರವೇ. ಆದರೂ ಕಾವೇರಿ ಅದಕ್ಕೆ ಬೆನ್ನು ಹಾಕಿ ಸುಮಾರು 800 ಕಿ.ಮೀ. ಹರಿಯುತ್ತಾಳೆ. ಮಜವಾಗಿದೆ ಅಲ್ವಾ?

ಶರಾವತಿ, ಕಾಳಿ, ನೇತ್ರಾವತಿ ಪಶ್ಚಿಮಕ್ಕೆ ಹರಿಯುವುದು ನಿಜ. ಆದರೆ "ವ್ಯರ್ಥ" ಅನ್ನುವುದನ್ನು ನಾನು ಒಪ್ಪಲಾರೆ. ಶರಾವತಿ, ಕಾಳಿ ದಾರಿಯಲ್ಲೇ ಕರೆಂಟು ಕೊಡುತ್ತವೆ. ಅಳಿವೆಗೆ ಬರುವ ಸಿಹಿನೀರು ತೀರಾ ಕಮ್ಮಿಯಾದರೆ ಉಪ್ಪುನೀರು ಒಳಗೆ ನುಗ್ಗಿ ದಡದ ಗದ್ದೆ, ಬಾವಿಗಳನ್ನು ಕೆಡಿಸುತ್ತದೆ.